ಮಡಿಕೇರಿಯಲ್ಲಿ ನಡೆದುಕೊಂಡೇ ಕೇಳಬಹುದಾದ ಸಂಗೀತ: ಎಲ್ಲಿ, ಯಾವಾಗ, ಯಾವ ದಾರಿಯಲ್ಲಿ?

ಕೋಟೆಬೀದಿ (ಸೆಪ್ಟೆಂಬರ್, ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ಕಳೆದ ವಾರ)

ಎಲ್ಲರಿಗೂ ನಮಸ್ಕಾರ. ಹದಿನಾಲ್ಕು ವರ್ಷ ಬೆಂಗಳೂರಿನಲ್ಲಿದ್ದು ಈ ಮಳೆಗಾಲಕ್ಕೆ ಊರಿಗೆ ಮರಳಿದ್ದೇನೆ. ಅಲ್ಲಿ ನನಗಿದ್ದ ದೊಡ್ಡ ಸುಖವೆಂದರೆ ಕಛೇರಿ ಕೇಳಲು ನಡೆದು ಹೋಗುವುದು. ರಾಮನವಮಿಯ ಹೊತ್ತಿಗೆ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ಚಪ್ಪರ ಏಳುತ್ತದೆ. 1939ರಲ್ಲಿ ಆರಂಭವಾದ ಸಂಗೀತೋತ್ಸವ ಅದು. ಅಲ್ಲಿಂದ ಸ್ವಲ್ಪ ನಡೆದರೆ ಕೃಷ್ಣರಾಜೇಂದ್ರ ರಸ್ತೆಯ ಗಾಯನ ಸಮಾಜ. ಅದು ಇನ್ನೂ ಹಳೆಯದು, 1905ರದ್ದು. ಪಿಟೀಲಿನ ಆಕಾರದಲ್ಲಿ ಕಟ್ಟಿದ ಚೌಡಯ್ಯ ಸ್ಮಾರಕ ಭವನ ದೂರವಾಯಿತು, ಆದರೂ ಒಮ್ಮೆ ಅಲ್ಲಿಗೂ ನಡೆದೇ ಹೋಗಿದ್ದೆ. ಹಾಗೆ ನಡೆದವರಿಗೆ ಸಂಗೀತ ಬಾಗಿಲ ಹೊರಗೇ ಸಿಗಲು ಶುರುವಾಗುತ್ತದೆ. ಮೃದಂಗ ಶ್ರುತಿ ಮಾಡುವ ಸಣ್ಣ ತಟ್ಟು ರಸ್ತೆಯ ತಿರುವಿನಲ್ಲೇ ಕಿವಿಗೆ ಬೀಳುತ್ತದೆ, ಹೆಜ್ಜೆ ತಾನಾಗಿ ಚುರುಕಾಗುತ್ತದೆ. ಚಪ್ಪರದ ಹೊರಗೆ ನಿಂತು ಇಡೀ ಕಛೇರಿ ಕೇಳಿಸಿಕೊಂಡ ಸಂಜೆಗಳು ನನಗೆ ಒಳಗೆ ಕುಳಿತು ಕೇಳಿದವುಗಳಿಗಿಂತ ಚೆನ್ನಾಗಿ ನೆನಪಿವೆ.

ಅದೇ ಅಭ್ಯಾಸದಲ್ಲಿ ಕಳೆದ ಭಾನುವಾರ ಮಡಿಕೇರಿಯನ್ನು ಸುತ್ತಿದೆ. ಬಸ್ ನಿಲ್ದಾಣದಿಂದ ಹತ್ತಿ ಕೋಟೆ. ಅರಮನೆಯ ಅಂಗಳದಲ್ಲಿ ಗಾರೆಯ ಎರಡು ಆನೆಗಳು ಮಳೆಯಲ್ಲಿ ನೆನೆಯುತ್ತ ನಿಂತಿದ್ದವು. ಅಲ್ಲಿಂದ ಇಳಿದು ಓಂಕಾರೇಶ್ವರ, ಮತ್ತೆ ಏರು ಹತ್ತಿ ರಾಜಾಸೀಟ್. ಸಂಜೆ ಅಲ್ಲಿ ಸಂಗೀತ ಕಾರಂಜಿ ನೋಡಲು ಜನ ಸೇರಿದ್ದರು. ನೀರು ಕುಣಿಯಿತು, ಬಣ್ಣ ಬದಲಾಯಿತು, ಆದರೆ ಹಾಡು ಧ್ವನಿಮುದ್ರಿತ. ಮೂರು ಗಂಟೆ ನಡೆದರೂ ಮನುಷ್ಯರು ನುಡಿಸಿದ ಒಂದು ಸ್ವರ ಸಿಗಲಿಲ್ಲವಲ್ಲ ಎಂದು ಬೇಸರವಾಗಿತ್ತು.

ವಾಪಸು ಬರುವಾಗ ಮಹದೇವಪೇಟೆಯಲ್ಲಿ, ಬಾಗಿಲು ಹಾಕಿದ್ದ ಒಂದು ಜವಳಿ ಅಂಗಡಿಯ ಮೇಲಿನ ಮಹಡಿಯಿಂದ ಪಿಟೀಲು ಕೇಳಿಸಿತು. ಯಾವುದೋ ಮಗು ಮೊದಲ ಪಾಠವಾದ ಸರಳೆ ವರಸೆ ಸಾಧನೆ ಮಾಡುತ್ತಿತ್ತು. ಮೇಲಿನ ಷಡ್ಜಕ್ಕೆ ಹೋಗುವಾಗ ಬೆರಳು ಸ್ವಲ್ಪ ಕೆಳಗೇ ನಿಲ್ಲುತ್ತಿತ್ತು. ಮಗು ನಿಲ್ಲಿಸಿ ಮತ್ತೆ ಮೊದಲಿನಿಂದ ಹಿಡಿಯುತ್ತಿತ್ತು. ಅಂಗಡಿಯ ಸೂರಿನ ಕೆಳಗೆ ಕೊಡೆ ಮಡಚಿ ನಿಂತೆ. ಆರನೆಯ ಸಲಕ್ಕೋ ಏಳನೆಯ ಸಲಕ್ಕೋ ಆ ಷಡ್ಜ ಸರಿಯಾಗಿ ಕೂತಿತು. ಆಗ ಒಳಗಿನಿಂದ ಯಾರೋ "ಹಾಂ" ಎಂದರು. ನಾನೂ ರಸ್ತೆಯಲ್ಲಿ ನಿಂತು "ಹಾಂ" ಎಂದೆ.

ಅಂದಿನಿಂದ ತಲೆಯಲ್ಲಿ ಒಂದೇ ಯೋಚನೆ. ನಮ್ಮ ಊರಿನಲ್ಲಿ ಸಂಗೀತವಿಲ್ಲದೆ ಇಲ್ಲ, ಅದನ್ನು ಹುಡುಕಬೇಕಾದ ಜಾಗ ಮತ್ತು ಹೊತ್ತು ನನಗೆ ಮರೆತುಹೋಗಿದೆ. ಇಲ್ಲೇ ಉಳಿದು ಬಾಳಿದವರು ಹೇಳಿಕೊಡಿ: ಕಾರು, ಬೈಕು ಬಿಟ್ಟು ಬರೀ ಕಾಲ್ನಡಿಗೆಯಲ್ಲಿ ಮಡಿಕೇರಿಯಲ್ಲಿ ಜೀವಂತ ವಾದ್ಯ, ಹಾಡು ಎಲ್ಲೆಲ್ಲಿ ಕೇಳಬಹುದು?

ಮಂಜುಮುಸುಕು

ಸರ್, ನಿಮಗೆ ಬೇಸರವಾದರೂ ನೇರವಾಗಿ ಹೇಳುತ್ತೇನೆ. ವಾರವಾರ ಕಛೇರಿ ನಡೆಯುವ ಸಂಗೀತ ಸಭೆ ಇಲ್ಲಿಲ್ಲ. ಕಾವೇರಿ ಕಲಾಕ್ಷೇತ್ರದಲ್ಲಿ ಕಾರ್ಯಕ್ರಮವಿದ್ದಾಗ ಹೋಗಬಹುದು, ಅಷ್ಟೆ. ಶಾಸ್ತ್ರೀಯ ಸಂಗೀತವೇ ಬೇಕೆಂದರೆ ಮೈಸೂರಿನ ಬಸ್ ಹತ್ತಬೇಕು. ಗಣೇಶನ ಹಬ್ಬದ ದಿನಗಳಲ್ಲಿ ಎಂಟನೇ ಕ್ರಾಸ್‌ನ ಬೀದಿಯಲ್ಲಿ ಕುಳಿತು ಕೇಳಿ ಬನ್ನಿ. ನಾನು ಪ್ರತಿ ವರ್ಷ ಹೋಗುತ್ತೇನೆ.

ಗದ್ದಿಗೆ ನೆರಳು

ಕೋಟೆಬೀದಿಯವರೇ, ಊರಿಗೆ ಮರಳಿದ್ದು ಸಂತೋಷ. ನಾನು ನಿವೃತ್ತ ಶಿಕ್ಷಕ, ಎಪ್ಪತ್ತೊಂದು ವರ್ಷ. ಮೊಣಕಾಲು ಇಳಿಜಾರಿಗೆ ತಕರಾರು ಮಾಡುತ್ತದೆ, ಏರಿಗೆ ಇನ್ನೂ ಒಪ್ಪುತ್ತದೆ. ಮಂಜುಮುಸುಕು ಅವರ ಮಾತು ಸಭೆಗಳ ವಿಷಯದಲ್ಲಿ ಸರಿ. ಆದರೆ ನಮ್ಮ ಊರಿನ ಸಂಗೀತಕ್ಕೆ ಸಭಾಂಗಣವಿಲ್ಲ, ಪಂಚಾಂಗವಿದೆ. ಯಾವ ದಿನ ಎಲ್ಲಿ ನಿಲ್ಲಬೇಕೆಂದು ತಿಳಿದಿದ್ದರೆ ಸಾಕು.

ಮಹಾಲಯ ಅಮಾವಾಸ್ಯೆ ಮುಗಿದ ಮರುದಿನ ಸಂಜೆ ಪಂಪಿನಕೆರೆಗೆ ಹೋಗಿ. ನಮ್ಮ ದಸರಾ ಶುರುವಾಗುವುದು ಅಲ್ಲಿ. ಕೋಟೆ ಮಾರಿಯಮ್ಮ, ಕುಂದುರುಮೊಟ್ಟೆ ಚೌಟಿ ಮಾರಿಯಮ್ಮ, ಕಂಚಿ ಕಾಮಾಕ್ಷಿ, ದಂಡಿನ ಮಾರಿಯಮ್ಮ, ಈ ನಾಲ್ಕು ದೇವಾಲಯಗಳ ಕರಗ ಅಲ್ಲಿಂದ ಹೊರಡುತ್ತವೆ. ಕೊಡಗನ್ನಾಳಿದ ಹಾಲೇರಿ ಅರಸರ ಕಾಲದಲ್ಲಿ ಊರಿಗೆ ರೋಗ ಬಂದಾಗ ಮಾರಿಯಮ್ಮನಿಗೆ ಹರಸಿಕೊಂಡು ಆರಂಭಿಸಿದ್ದು ಎಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಆಮೇಲಿನ ದಿನಗಳಲ್ಲಿ ಕರಗ ಊರಿನ ಬೀದಿಗಳಲ್ಲಿ ಮನೆಮನೆಗೆ ಬರುತ್ತದೆ, ಪೂಜೆ ಪಡೆಯುತ್ತದೆ. ವಾದ್ಯದವರು ಜೊತೆಯಲ್ಲಿರುತ್ತಾರೆ. ಇದಕ್ಕೆ ಟಿಕೆಟ್ ಇಲ್ಲ, ಕುರ್ಚಿ ಇಲ್ಲ. ಕರಗದ ಹಿಂದೆ ಹತ್ತು ಹೆಜ್ಜೆ ಅಂತರದಲ್ಲಿ ನಡೆಯುವುದಷ್ಟೇ.

ನಾನು ಇದನ್ನು ಕೇಳುವ ರೀತಿ ಹೇಳುತ್ತೇನೆ. ಮಡಿಕೇರಿ ಏರುತಗ್ಗಿನ ಊರು. ಒಂದು ಬೀದಿ ಇನ್ನೊಂದರ ತಲೆಯ ಮೇಲಿರುತ್ತದೆ. ಕರಗ ಕೆಳಗಿನ ಬೀದಿಯಲ್ಲಿದ್ದಾಗ ಮೇಲಿನ ಬೀದಿಯ ತಿರುವಿನಲ್ಲಿ ನಿಂತರೆ ಮೊದಲು ಡೋಲಿನ ಸದ್ದು ಮಾತ್ರ ಮೇಲೆ ಬರುತ್ತದೆ, ಊದುವ ವಾದ್ಯ ಕೇಳಿಸುವುದಿಲ್ಲ. ವಾದ್ಯದವರು ತಿರುವು ದಾಟಿ ಇತ್ತ ಮುಖ ಮಾಡಿದ ಕೂಡಲೇ ರಾಗ ಒಮ್ಮೆಲೇ ತೆರೆದುಕೊಳ್ಳುತ್ತದೆ. ನಮ್ಮ ತಂದೆ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಇದನ್ನು ಕೇಳಿಸುತ್ತಿದ್ದರು. "ಈಗ ಬರುತ್ತದೆ ನೋಡು" ಎನ್ನುತ್ತಿದ್ದರು, ಸರಿಯಾಗಿ ಅದೇ ಗಳಿಗೆಗೆ ಬರುತ್ತಿತ್ತು. ಅವರಿಗೆ ಅದು ಹೇಗೆ ತಿಳಿಯುತ್ತಿತ್ತು ಎಂಬುದು ನನಗೆ ನಲವತ್ತು ದಾಟಿದ ಮೇಲೆ ಹೊಳೆಯಿತು: ತಿರುವಿನ ಮನೆಯ ನಾಯಿ ಬೊಗಳಲು ಶುರು ಮಾಡುತ್ತಿತ್ತು.

ನವರಾತ್ರಿಯ ಸಂಜೆಗಳಲ್ಲಿ ಗಾಂಧಿ ಮೈದಾನದ ವೇದಿಕೆಯಲ್ಲಿ ಸಾಂಸ್ಕೃತಿಕ ಕಾರ್ಯಕ್ರಮಗಳಿರುತ್ತವೆ. ಅಲ್ಲಿಂದ ರಾಜಾಸೀಟ್ ಹತ್ತಿರವೇ. ಸ್ವೆಟರ್ ಮರೆಯಬೇಡಿ. ಅಕ್ಟೋಬರ್ ಎಂದರೂ ರಾತ್ರಿ ಮಂಜು ಇಳಿದರೆ ಮೈ ನಡುಗುತ್ತದೆ.

ವಿರಾಜಪೇಟೆಯಿಂದ

ಮೇಷ್ಟ್ರು ಬರೆದದ್ದು ಓದಿ ಮನಸ್ಸು ತುಂಬಿತು. ಕೇಳಲು ನಡೆಯುವವರು ನಮ್ಮ ಪೇಟೆಗೂ ಬನ್ನಿ. ಗೌರಿ ಗಣೇಶ ಹಬ್ಬದ ವಿಸರ್ಜನೆಯ ರಾತ್ರಿ ಊರಿನ ಗಣಪತಿಗಳೆಲ್ಲ ಮಂಟಪದಲ್ಲಿ ಹೊರಟು ಗೌರಿಕೆರೆಗೆ ಬರುವಷ್ಟರಲ್ಲಿ ಬೆಳಗಾಗುತ್ತದೆ. ಪೇಟೆಯನ್ನು ದೊಡ್ಡವೀರರಾಜೇಂದ್ರ ಕಟ್ಟಿಸಿದ್ದು 1792ರಲ್ಲಿ. ಸಂತ ಅನ್ನಮ್ಮನವರ ಚರ್ಚ್ ಕೂಡ ಅದೇ ಕಾಲದ್ದು. ಬೀದಿಗಳು ಕಿರಿದು, ಎರಡೂ ಬದಿ ಕಟ್ಟಡ. ಚೆಂಡೆಯೊಂದು ಅಲ್ಲಿ ನುಡಿದರೆ ಸದ್ದು ಗೋಡೆಯಿಂದ ಗೋಡೆಗೆ ಬಡಿದು ಎದೆಗೆ ತಾಗುತ್ತದೆ.

ಆದರೆ ಒಂದು ನೋವು ಹೇಳಲೇಬೇಕು. ಕಳೆದ ಕೆಲವು ವರ್ಷಗಳಿಂದ ಚೆಂಡೆಯವರ ಹಿಂದೆಯೇ ಲಾರಿಯ ಎತ್ತರಕ್ಕೆ ಸ್ಪೀಕರ್ ಪೇರಿಸಿಕೊಂಡು ಡಿ.ಜೆ. ಬರುತ್ತದೆ. ಒಂದು ಸಲ ನನ್ನ ಕಣ್ಣೆದುರಿಗೇ ಚೆಂಡೆ ನುಡಿಸುತ್ತಿದ್ದ ಹುಡುಗ ತನ್ನ ಪೆಟ್ಟು ತನಗೇ ಕೇಳಿಸದೆ ಕೋಲು ಕೆಳಗಿಳಿಸಿ ನಿಂತುಬಿಟ್ಟ. ಬೆರಳಿಗೆ ಸುತ್ತಿದ್ದ ಬಟ್ಟೆಯ ಪಟ್ಟಿಯನ್ನು ಸುಮ್ಮನೆ ಬಿಚ್ಚಿ ಮತ್ತೆ ಸುತ್ತಿಕೊಳ್ಳುತ್ತಿದ್ದ. ಆ ಕೈಗಳನ್ನು ನಾನು ಮರೆತಿಲ್ಲ. ನಿಮ್ಮ ದಶಮಂಟಪದಲ್ಲೂ ಇದೇ ಆಗುತ್ತಿದೆ ಅಲ್ಲವೇ?

ಹತ್ತರಲ್ಲೊಂದು

ನಾನು ಮಡಿಕೇರಿಯ ಒಂದು ಮಂಟಪ ಸಮಿತಿಯಲ್ಲಿದ್ದೇನೆ, ಯಾವುದೆಂದು ಹೇಳುವುದಿಲ್ಲ. ಆಕ್ಷೇಪ ಒಪ್ಪಿಕೊಂಡೇ ಎರಡು ಮಾತು.

ವಿಜಯದಶಮಿಯ ರಾತ್ರಿ ಹತ್ತು ದೇವಾಲಯಗಳ ಮಂಟಪಗಳು ಹೊರಡುತ್ತವೆ. ಪೇಟೆ ಶ್ರೀರಾಮಮಂದಿರ, ದೇಚೂರು ಶ್ರೀರಾಮಮಂದಿರ, ದಂಡಿನ ಮಾರಿಯಮ್ಮ, ಚೌಡೇಶ್ವರಿ, ಕಂಚಿ ಕಾಮಾಕ್ಷಿ, ಕುಂದುರುಮೊಟ್ಟೆ ಚೌಟಿ ಮಾರಿಯಮ್ಮ, ಕೋದಂಡರಾಮ, ಕೋಟೆ ಮಾರಿಯಮ್ಮ, ಕೋಟೆ ಮಹಾಗಣಪತಿ, ಕರವಲೆ ಭಗವತಿ. ಪ್ರತಿಯೊಂದರಲ್ಲೂ ಪುರಾಣದ ಒಂದು ಕಥೆ, ಚಲಿಸುವ ಮೂರ್ತಿಗಳು, ಬೆಳಕು, ಸದ್ದು. ಹುಡುಗರು ತಿಂಗಳುಗಟ್ಟಲೆ ನಿದ್ದೆಗೆಟ್ಟು ದುಡಿಯುತ್ತಾರೆ. ದೇವಿ ಅಸುರನನ್ನು ಸಂಹರಿಸುವ ಗಳಿಗೆಗೆ ಕಥೆಯ ಧ್ವನಿ ಸಾವಿರಾರು ಜನರಿಗೆ ಕೇಳಬೇಕೆಂದರೆ ಧ್ವನಿವರ್ಧಕ ಬೇಕೇ ಬೇಕು. ಅದನ್ನು ಮತ್ತು ಕುಣಿತದ ಡಿ.ಜೆ.ಯನ್ನು ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಇನ್ನು ಕಾನೂನು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಹೊರಾಂಗಣದಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಹಬ್ಬಗಳಿಗೆಂದು ವರ್ಷಕ್ಕೆ ಹದಿನೈದು ದಿನ ಮೀರದಂತೆ ರಾಜ್ಯ ಸರ್ಕಾರ ಹನ್ನೆರಡರವರೆಗೆ ಸಡಿಲಿಸಬಹುದು. ವಸತಿ ಪ್ರದೇಶಕ್ಕೆ ಹಗಲು 55 ಡೆಸಿಬೆಲ್, ರಾತ್ರಿ 45 ಡೆಸಿಬೆಲ್ ಮಿತಿ. ನಮ್ಮ ಶೋಭಾಯಾತ್ರೆ ನಡೆಯುವುದೇ ಇಡೀ ರಾತ್ರಿ. ಪ್ರತಿ ವರ್ಷ ಈ ಇಕ್ಕಟ್ಟಿನಲ್ಲಿ ಸಿಕ್ಕಿಕೊಳ್ಳುವವರು ನಾವೇ. ವಾದ್ಯದವರನ್ನು ಮಂಟಪದ ಮುಂದೆ ಇನ್ನೂ ದೂರಕ್ಕೆ ನಿಲ್ಲಿಸಿ, ಅವರು ನುಡಿಸುವಾಗ ನಮ್ಮ ಧ್ವನಿ ನಿಲ್ಲಿಸಬೇಕೆಂದು ಸಮಿತಿಯಲ್ಲಿ ಕೇಳಿದ್ದೇನೆ. ಹಿರಿಯರಿಬ್ಬರು ಒಪ್ಪಿದ್ದಾರೆ, ಉಳಿದವರು ಬಹುಮಾನದ ಅಂಕ ಹೋಗುತ್ತದೆ ಎನ್ನುತ್ತಿದ್ದಾರೆ. ಪ್ರಯತ್ನ ಬಿಟ್ಟಿಲ್ಲ.

ಕೇಳಲು ಬರುವವರಿಗೆ ಒಂದು ಕಿವಿಮಾತು. ಊರ ನಡುವಿನ ಚೌಕಿಯಲ್ಲಿ ನಿಲ್ಲಬೇಡಿ, ಅಲ್ಲಿ ಉಸಿರಾಡಲೂ ಜಾಗವಿರುವುದಿಲ್ಲ. ಮಂಟಪಗಳು ಹೊರಡುವ ಮೊದಲು ಆಯಾ ದೇವಾಲಯದ ಅಂಗಳಕ್ಕೆ ಹೋಗಿ. ಜನರೇಟರ್ ಇನ್ನೂ ಶುರುವಾಗಿರುವುದಿಲ್ಲ. ವಾದ್ಯದವರು ದೇವರೆದುರು ಮೊದಲ ಸುತ್ತು ನುಡಿಸುತ್ತಾರೆ. ಆ ಕಾಲು ಗಂಟೆ ನಿಮ್ಮದು.

ಕೋಟೆಬೀದಿ

ಮೇಷ್ಟ್ರೇ, ನೀವು ಹೇಳಿದಂತೆಯೇ ಮಾಡಿದೆ. ಪಂಪಿನಕೆರೆಯಿಂದ ಕರಗದ ಹಿಂದೆ ನಡೆದೆ. ಬೀದಿಯ ತಿರುವಿನಲ್ಲಿ ನಿಂತೆ. ನಾಯಿ ಬೊಗಳಲಿಲ್ಲ, ಆದರೆ ರಾಗ ಬಂದದ್ದು ನೀವು ಬರೆದ ಹಾಗೆಯೇ, ಬಾಗಿಲು ತೆರೆದ ಹಾಗೆ. ಹತ್ತರಲ್ಲೊಂದು ಅವರೇ, ವಿಜಯದಶಮಿಯಂದು ಮೂರು ದೇವಾಲಯಗಳ ಅಂಗಳಕ್ಕೆ ನಡೆದೆ. ಎರಡು ಕಡೆ ತಡವಾಗಿ ಹೋದೆ, ಮಂಟಪ ಎಳೆಯುವ ಟ್ರ್ಯಾಕ್ಟರ್ ಶುರುವಾಗಿಬಿಟ್ಟಿತ್ತು. ಮೂರನೆಯ ಕಡೆ ನೀವು ಹೇಳಿದ ಆ ಕಾಲು ಗಂಟೆ ಸಿಕ್ಕಿತು. ಡೋಲಿನವರು ಕಣ್ಣು ಮುಚ್ಚಿ ನುಡಿಸುತ್ತಿದ್ದರು. ಪಕ್ಕದಲ್ಲಿ ನಿಂತಿದ್ದ ಅಜ್ಜಿಯೊಬ್ಬರು ನನ್ನ ತೋಳು ಹಿಡಿದು "ಇದು ನಮ್ಮ ಕಾಲದ ಪೆಟ್ಟು" ಎಂದರು. ಧನ್ಯವಾದ.

ವಾಲಗದ ಮನೆ

ಈ ಚರ್ಚೆಯನ್ನು ಮೊದಲಿನಿಂದ ಓದುತ್ತ ಬಂದೆ. ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ನಮ್ಮದು ವಾಲಗ ನುಡಿಸುವ ಮನೆ. ಅಜ್ಜ ಕೊಂಬು ಊದುತ್ತಿದ್ದರು, ಅಪ್ಪ ಡೋಲು, ಚಿಕ್ಕಪ್ಪ ಊದುವ ವಾಲಗ. ನಾನು ಈಗ ಪೇಟೆಯ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಮದುವೆಯ ಕಾಲ ಬಂದರೆ ರಜೆ ಹಾಕಿ ತಂಡದ ಜೊತೆ ಹೋಗುತ್ತೇನೆ.

ನೀವೆಲ್ಲ ಎಲ್ಲಿ ನಿಂತು ಕೇಳಬೇಕೆಂದು ಬರೆದಿದ್ದೀರಿ. ನುಡಿಸುವವರು ಹೇಗೆ ನಿಂತಿರುತ್ತಾರೆ ಎಂದು ನಾನು ಬರೆಯುತ್ತೇನೆ.

ಕೊಡಗಿನ ಹವೆಗೆ ಚರ್ಮ ಬೇಗ ಸಡಿಲವಾಗುತ್ತದೆ. ಮಂಜು ಇಳಿದ ಬೆಳಗ್ಗೆ ಡೋಲನ್ನು ಹಾಗೇ ಬಾರಿಸಿದರೆ ಒದ್ದೆ ಚೀಲಕ್ಕೆ ಹೊಡೆದ ಹಾಗೆ ಸದ್ದು ಬರುತ್ತದೆ. ಅದಕ್ಕೆ ಅಪ್ಪ ಎಲ್ಲರಿಗಿಂತ ಮೊದಲು ಎದ್ದು ಒಲೆಯ ಎದುರು ಕೂರುತ್ತಿದ್ದರು. ಡೋಲನ್ನು ಬೆಂಕಿಗೆ ತೀರ ಹತ್ತಿರ ಹಿಡಿದರೆ ಚರ್ಮ ಬಿರಿಯುತ್ತದೆ, ದೂರ ಹಿಡಿದರೆ ಕಾಯುವುದಿಲ್ಲ. ಅಂಗೈಯನ್ನು ಚರ್ಮದ ಮೇಲೆ ಇಟ್ಟುಕೊಂಡೇ ತಿರುಗಿಸುತ್ತಿದ್ದರು. ಮಗುವಿನ ಜ್ವರ ನೋಡುವ ಹಾಗೆ. ಆಮೇಲೆ ಒಂದೇ ಬೆರಳಲ್ಲಿ ತಟ್ಟಿ ಕಿವಿ ಕೊಡುತ್ತಿದ್ದರು. ಮದುವೆಮನೆಗೆ ಹೋದ ಮೇಲೂ ಅಡುಗೆಯವರ ಒಲೆಯ ಬಳಿ ಜಾಗ ಕೇಳುತ್ತಿದ್ದರು. ಕೆಲವು ಕಡೆ ಕೊಡುತ್ತಿದ್ದರು, ಕೆಲವು ಕಡೆ ಓಡಿಸುತ್ತಿದ್ದರು.

ಕೊಂಬು ಹಿತ್ತಾಳೆಯದು, ಬಾಗಿದ್ದು. ಅದಕ್ಕೆ ರಂಧ್ರಗಳಿಲ್ಲ. ಸ್ವರವನ್ನೆಲ್ಲ ತುಟಿ ಮತ್ತು ಉಸಿರಿನಲ್ಲೇ ತರಬೇಕು. ಅಜ್ಜನ ಮೇಲ್ದುಟಿಯ ನಡುವೆ ಒಂದು ಗಟ್ಟಿ ಗಂಟು ಇತ್ತು. ಮೊಮ್ಮಕ್ಕಳು ನಾವು ಅದನ್ನು ಮುಟ್ಟಿ ನೋಡುತ್ತಿದ್ದೆವು.

ಕೊಡವ ಮದುವೆಯ ಗಂಗಾಪೂಜೆಯನ್ನು ನೋಡಿದವರಿಗೆ ಗೊತ್ತು. ಮದುಮಗಳು ತಲೆಯ ಮೇಲೆ ನೀರಿನ ಕೊಡ ಹೊತ್ತು ಮನೆಯತ್ತ ಹೊರಟರೆ ಗಂಡಿನ ಕಡೆಯವರು ಎದುರು ನಿಂತು ಕುಣಿಯುತ್ತ ದಾರಿ ಬಿಡುವುದಿಲ್ಲ. ಗಂಟೆಗಟ್ಟಲೆ ನಡೆಯುತ್ತದೆ. ಅಷ್ಟೂ ಹೊತ್ತು ನಾವು ನುಡಿಸಬೇಕು. ಕುಣಿಯುವವರು ಬದಲಾಗುತ್ತಾರೆ, ದಣಿದವರು ನೀರು ಕುಡಿದು ಬರುತ್ತಾರೆ. ನುಡಿಸುವವರು ಬದಲಾಗುವುದಿಲ್ಲ. ಮದುಮಗಳ ಕತ್ತು ನೋಯುತ್ತಿದೆ ಎಂದು ನಮಗೆ ಕಾಣುತ್ತದೆ. ಆಗ ಅಪ್ಪ ಲಯವನ್ನು ಒಂದಿಷ್ಟು ಏರಿಸುತ್ತಿದ್ದರು. ಲಯ ಏರಿದರೆ ಕುಣಿಯುವವರಿಗೆ ಬೇಗ ಸುಸ್ತಾಗುತ್ತದೆ, ದಾರಿ ಬೇಗ ಬಿಡುತ್ತಾರೆ. ಇದನ್ನು ಯಾರಿಗೂ ಹೇಳುತ್ತಿರಲಿಲ್ಲ. ಇಂದು ನಾನು ಹೇಳಿದೆ.

ಇಷ್ಟು ಮಾಡಿದ ಮೇಲೆ ಊಟಕ್ಕೆ ನಮ್ಮನ್ನು ಕರೆಯುವುದು ಕೊನೆಯ ಪಂಕ್ತಿಗೆ. ಒಂದು ಮದುವೆಯಲ್ಲಿ ಅನ್ನ ಮುಗಿದಿತ್ತು. ಯಾರ ಮನೆಯೆಂದು ಹೇಳುವುದಿಲ್ಲ. ಅಪ್ಪ ಮರುದಿನವೂ ಅದೇ ಮನೆಗೆ ಹೋಗಿ ನುಡಿಸಿದರು, ಮಾತು ಕೊಟ್ಟಿದ್ದರು.

ನೀವು ನಡೆದು ಬಂದು ಕೇಳುವವರು. ನಿಮ್ಮಲ್ಲಿ ನನ್ನದು ಒಂದೇ ಬೇಡಿಕೆ. ನುಡಿಸಿ ಮುಗಿದ ಮೇಲೆ ನಮ್ಮ ಹತ್ತಿರ ಬಂದು ಒಂದು ಮಾತಾಡಿ. ಹೆಸರು ಕೇಳಿ. ಮೊಬೈಲ್‌ನಲ್ಲಿ ಚಿತ್ರ ಹಿಡಿದವರು ಸಾವಿರ ಜನ. ಅಪ್ಪನ ಹೆಸರು ಕೇಳಿದವರನ್ನು ನಾನು ಬೆರಳಲ್ಲಿ ಎಣಿಸಬಲ್ಲೆ.

ಗದ್ದಿಗೆ ನೆರಳು

ತಮ್ಮಾ, ಎರಡು ಸಲ ಓದಿದೆ. ಐವತ್ತು ವರ್ಷ ಈ ವಾದ್ಯಗಳ ಹಿಂದೆ ನಡೆದಿದ್ದೇನೆ, ನಾನು ಕೂಡ ಹೆಸರು ಕೇಳಿದವನಲ್ಲ. ನಿನ್ನ ಮಾತು ನನಗೆ ತಾಗಿದೆ.

ಮಂಜುಮುಸುಕು

ವಾಲಗದ ಮನೆಯವರೇ, ಇಲ್ಲಿ ಸಂಗೀತವಿಲ್ಲ ಎಂಬರ್ಥದಲ್ಲಿ ಮೊದಲು ಬರೆದವನು ನಾನೇ. ನಾನು ಸಂಗೀತವೆಂದು ಎಣಿಸಿದ್ದು ವೇದಿಕೆಯ ಮೇಲಿನದನ್ನು ಮಾತ್ರ. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ನಮ್ಮ ಮನೆಯಲ್ಲಿ ಏಪ್ರಿಲ್‌ನಲ್ಲಿ ಮದುವೆಯಿದೆ. ವಾಲಗದವರಿಗೆ ಒಲೆಯ ಬಳಿ ಜಾಗ, ಮೊದಲ ಪಂಕ್ತಿಯಲ್ಲಿ ಎಲೆ. ಇದನ್ನು ಮನೆಯ ಹಿರಿಯರಿಗೆ ಈಗಲೇ ಹೇಳಿದ್ದೇನೆ.

ಕಾಫಿ ಹೂ

ನಾನು ಮಡಿಕೇರಿಗೆ ಕೆಲಸಕ್ಕೆಂದು ಬಂದು ಒಂದು ವರ್ಷವಾಯಿತು. ಊರು ಧಾರವಾಡದ ಕಡೆ. ಅಲ್ಲಿ ಮನೆಯ ಪಕ್ಕದಲ್ಲೇ ಸಿತಾರ್ ಕೇಳಿ ಬೆಳೆದವಳು, ಇಲ್ಲಿ ಬಂದ ಮೇಲೆ ಕಿವಿ ಹಸಿದಿದೆ. ಎರಡು ಪ್ರಶ್ನೆ. ಒಂಟಿಯಾಗಿ ನಡೆಯುವ ಹೆಂಗಸಿಗೆ ಸಂಜೆಯ ಹೊತ್ತು ಯಾವ ದಾರಿ ಒಳ್ಳೆಯದು? ಮತ್ತು ಕೊಡವ ಭಾಷೆಯ ಒಂದಕ್ಷರವೂ ಬಾರದವಳು ಸುಗ್ಗಿಹಬ್ಬ ಹುತ್ತರಿಯ ಹಾಡು ಕೇಳಲು ಹೋದರೆ ತಪ್ಪಾಗುತ್ತದೆಯೇ? ಕರೆಯದೆ ಹೋಗಲು ಸಂಕೋಚ.

ನಾಪೋಕ್ಲು ಹಾದಿ

ಕಾಫಿ ಹೂ ಅಕ್ಕ, ಮೊದಲು ಎರಡನೆಯ ಪ್ರಶ್ನೆಗೆ ಉತ್ತರ. ಐನ್‌ಮನೆ, ಅಂದರೆ ಕುಟುಂಬದ ಮೂಲಮನೆಯೊಳಗೆ ನಡೆಯುವುದು ಆ ಕುಟುಂಬದ್ದು, ಅಲ್ಲಿಗೆ ಕರೆದರೆ ಮಾತ್ರ ಹೋಗಬೇಕು. ಮಂದ್‌ನಲ್ಲಿ ನಡೆಯುವುದು ಊರಿನದು. ಮಂದ್ ಎಂದರೆ ಊರಿನವರು ಹಬ್ಬಕ್ಕೆ ಸೇರುವ ಬಯಲು. ಅಲ್ಲಿ ಅಂಚಿನಲ್ಲಿ ನಿಂತು ನೋಡುವವರನ್ನು ಯಾರೂ ಬೇಡವೆನ್ನುವುದಿಲ್ಲ. ಚಪ್ಪಲಿಯ ವಿಷಯ ಮಾತ್ರ ಗಮನಿಸಿ. ಉಳಿದವರು ಬಿಚ್ಚಿದ್ದರೆ ನೀವೂ ಬಿಚ್ಚಿ.

ಹುತ್ತರಿಯ ದಿನವನ್ನು ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಾಲಯದಲ್ಲಿ ನಿಗದಿ ಮಾಡುತ್ತಾರೆ. ಹುಣ್ಣಿಮೆಯ ರಾತ್ರಿ ಕದಿರು ಕೊಯ್ಯುವಾಗ ಕೋವಿಯ ಗುಂಡು ಹಾರುತ್ತದೆ, "ಪೊಲಿ ಪೊಲಿ ದೇವಾ" ಎಂಬ ಕೂಗು ಗದ್ದೆಯಿಂದ ಗದ್ದೆಗೆ ಹೋಗುತ್ತದೆ. ನಮ್ಮೂರಿನಲ್ಲಿ ಆ ರಾತ್ರಿ ಮನೆಯ ಮೆಟ್ಟಿಲ ಮೇಲೆ ಕುಳಿತರೆ ಯಾವ ದಿಕ್ಕಿನವರು ಮೊದಲು ಕೊಯ್ದರೆಂದು ಕಿವಿಯಲ್ಲೇ ಹೇಳಬಹುದು. ಆಮೇಲೆ ಕೋಲಾಟ ಶುರು. ಮಡಿಕೇರಿಯಲ್ಲೇ ಇರುವವರಿಗೆ ದೂರ ಹೋಗುವ ಅಗತ್ಯವಿಲ್ಲ, ಕೋಟೆಯ ಆವರಣದಲ್ಲೇ ಹುತ್ತರಿ ಕೋಲಾಟ ನಡೆಯುತ್ತದೆ. ಹಗಲು ಹೊತ್ತು, ಹೆಂಗಸರು ಮಕ್ಕಳು ಎಲ್ಲ ಇರುತ್ತಾರೆ. ನಿಮ್ಮ ಮೊದಲ ಪ್ರಶ್ನೆಗೂ ಅದೇ ಉತ್ತರ.

ಅಲ್ಲಿ ದುಡಿ ಕೇಳಿ. ನಡು ಸಣ್ಣಗಿರುವ, ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯ ಸಣ್ಣ ಕೋಲಿನಿಂದ ಬಾರಿಸುವ ವಾದ್ಯ. ದುಡಿ ಬಾರಿಸುತ್ತ ಹಾಡುವ ದುಡಿಕೊಟ್ಟ್ ಪಾಟ್‌ಗೆ ನಾಲ್ವರು ಬೇಕು. ಇಬ್ಬರು ಒಂದು ಸಾಲು ಹೇಳುತ್ತಾರೆ, ಇನ್ನಿಬ್ಬರು ಅದನ್ನೇ ಹಿಡಿದು ಹೇಳುತ್ತಾರೆ. "ಬಾಳೋ ಬಾಳೋ" ಎಂದು ದೇವರನ್ನು, ನಾಡನ್ನು ಹರಸುತ್ತ ಹಾಡು ಮುಂದೆ ಹೋಗುತ್ತದೆ. ಭಾಷೆ ಬಾರದಿದ್ದರೆ ಒಂದು ಕೆಲಸ ಮಾಡಿ: ಮೊದಲ ಜೋಡಿಯನ್ನು ಬಿಟ್ಟು ಎರಡನೆಯ ಜೋಡಿಯನ್ನು ಕೇಳಿ. ಅದೇ ಸಾಲು ಎರಡನೆಯ ಸಲ ಬರುವಾಗ ಒಂದೆರಡು ಪದ ಕೈಗೆ ಸಿಗುತ್ತವೆ. ಕನ್ನಡ ಬಲ್ಲವರಿಗೆ ಅರ್ಧ ಗಂಟೆಯಲ್ಲಿ ಕಿವಿ ಹೊಂದಿಕೊಳ್ಳುತ್ತದೆ. ಈ ಹಾಡುಗಳನ್ನು ನಡಿಕೇರಿಯಂಡ ಚಿಣ್ಣಪ್ಪನವರು ಊರೂರು ಅಲೆದು ಬರೆದುಕೊಂಡು 1924ರಲ್ಲಿ ಅಚ್ಚು ಮಾಡಿಸಿದರು. ಅದಕ್ಕೆ ಮೊದಲು ಇವು ಬಾಯಿಂದ ಬಾಯಿಗೆ ದಾಟಿ ಬಂದವು. ಕಿವಿ ಪಳಗಿಸಲು ಮಡಿಕೇರಿ ಆಕಾಶವಾಣಿಯೂ ಇದೆ, 103.1ರಲ್ಲಿ ಕೊಡವ ಹಾಡು, ಅರೆಭಾಷೆಯ ಹಾಡು ಬರುತ್ತವೆ. ನಾನು ಕಾಫಿ ಕೊಯ್ಯುವಾಗ ಹಾಕಿಕೊಳ್ಳುತ್ತೇನೆ.

ಉಳಿದದ್ದನ್ನು ಬೇಗ ಹೇಳಿ ಮುಗಿಸುತ್ತೇನೆ. ಡಿಸೆಂಬರಿನಲ್ಲಿ ಸಂತ ಮೈಕಲರ ಚರ್ಚಿನ ಕಡೆ ಕ್ರಿಸ್‌ಮಸ್ ಗೀತೆಗಳ ಅಭ್ಯಾಸ ರಸ್ತೆಗೇ ಕೇಳಿಸುತ್ತದೆ. ಮುತ್ತಪ್ಪ ದೇವಾಲಯದ ಜಾತ್ರೆಯಲ್ಲಿ ದೈವದ ವೇಷ ಕಟ್ಟಿ ಕುಣಿಯುವ ವೆಳ್ಳಾಟಂ, ತೆರೆ ಇರುತ್ತವೆ, ಚೆಂಡೆಯ ಆಸೆ ಅಲ್ಲಿ ತೀರುತ್ತದೆ. ಎಮ್ಮೆಮಾಡಿನ ಉರೂಸ್‌ಗೆ ನಮ್ಮ ಕಡೆಯಿಂದ ನಡೆದೇ ಹೋಗುವವರಿದ್ದಾರೆ. ದಕ್ಷಿಣಕ್ಕೆ ಹೋದರೆ ಯರವ ಬುಡಕಟ್ಟಿನವರ ಚೀಣಿ ಎಂಬ ಊದುವ ವಾದ್ಯ ಮತ್ತು ದುಡಿ. ಅದು ತೋಟದ ಲೈನ್‌ಮನೆಗಳ ಅಂಗಳದ ಸಂಗೀತ, ಪರಿಚಯದವರ ಜೊತೆ ಮಾತ್ರ ಹೋಗಿ.

ಮಳೆಗಾಲದಲ್ಲಿ ಒಳದಾರಿ ಹಿಡಿದರೆ ಜಿಗಣೆ. ಕಾಲುಚೀಲಕ್ಕೆ ಸುಣ್ಣ, ಹೊಗೆಸೊಪ್ಪಿನ ಪುಡಿ ಹಚ್ಚಿಕೊಂಡರೆ ಏರುವುದಿಲ್ಲ.

ಹತ್ತರಲ್ಲೊಂದು

ಒಂದು ಸುದ್ದಿ. ಸಮಿತಿಯ ಲೆಕ್ಕಪತ್ರದ ಸಭೆಯಲ್ಲಿ ವಾಲಗದ ಮನೆಯವರ ಬರಹವನ್ನು ಪೂರ್ತಿಯಾಗಿ ಓದಿದೆ. ಯಾರೂ ಮಾತಾಡಲಿಲ್ಲ ಸ್ವಲ್ಪ ಹೊತ್ತು. ಮುಂದಿನ ವರ್ಷ ವಾದ್ಯದವರು ನುಡಿಸುವ ಸುತ್ತಿಗೆ ಮಂಟಪದ ಧ್ವನಿ ನಿಲ್ಲಿಸುವುದೆಂದು ಪುಸ್ತಕದಲ್ಲಿ ಬರೆದುಕೊಂಡಿದ್ದಾರೆ. ಅಂಕದ ಮಾತು ಇನ್ನೂ ಉಳಿದಿದೆ. ತೀರ್ಪುಗಾರರಿಗೆ ಜೀವಂತ ವಾದ್ಯಕ್ಕೂ ಅಂಕವಿಡಿ ಎಂದು ದಶಮಂಟಪ ಸಮಿತಿಗೆ ಪತ್ರ ಬರೆಯುತ್ತಿದ್ದೇವೆ. ಉಳಿದ ಒಂಬತ್ತು ಮಂಟಪಗಳಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ ಜೊತೆಗೆ ಸಹಿ ಹಾಕಿ.

ಕೋಟೆಬೀದಿ (ಹುತ್ತರಿ ಕಳೆದ ಮೇಲೆ)

ಕೋಟೆಯ ಕೋಲಾಟಕ್ಕೆ ನಾವು ನಾಲ್ವರು ಒಟ್ಟಿಗೆ ಹೋದೆವು. ಮೇಷ್ಟ್ರು ಓಂಕಾರೇಶ್ವರದ ಕೆರೆಯ ಬಳಿ ಕಾಯುತ್ತಿದ್ದರು. 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ ಆ ಗುಮ್ಮಟವನ್ನು ತೋರಿಸುತ್ತ, ಇಲ್ಲಿನ ಘಂಟೆಯ ಸದ್ದು ಕೆರೆಯ ನೀರಿನ ಮೇಲೆ ಹಾದು ಬರುವುದರಿಂದಲೇ ಅಷ್ಟು ಮೃದು ಎಂದರು. ಕಾಫಿ ಹೂ ಅವರು, ಮಂಜುಮುಸುಕು ಅವರು ಬಸ್ ನಿಲ್ದಾಣದಿಂದ ಹತ್ತಿ ಬಂದರು. ಕೋಟೆಯ ಏರಿನಲ್ಲಿ ಮೇಷ್ಟ್ರು ನಮಗಿಂತ ಮುಂದಿದ್ದರು.

ಬಿಸಿಲು ಚೆನ್ನಾಗಿತ್ತು. ಕುಪ್ಯವೆಂಬ ನಿಲುವಂಗಿ, ಚೇಲೆಯೆಂಬ ನಡುಪಟ್ಟಿ ತೊಟ್ಟ ಗಂಡಸರು ಸುತ್ತು ಕಟ್ಟಿದ್ದರು. ಕೋಲಿಗೆ ಕೋಲು ತಾಗುವ ಸದ್ದು ಅರಮನೆಯ ಗೋಡೆಗೆ ಹೋಗಿ ಅರೆಗಳಿಗೆ ತಡವಾಗಿ ಮರಳುತ್ತಿತ್ತು. ಹಾಗಾಗಿ ಪ್ರತಿ ಪೆಟ್ಟೂ ಎರಡಾಗಿ ಕೇಳುತ್ತಿತ್ತು. ಕಾಫಿ ಹೂ ಅವರು ಎರಡನೆಯ ಜೋಡಿಯ ಉಪಾಯವನ್ನು ಶ್ರದ್ಧೆಯಿಂದ ಪಾಲಿಸುತ್ತ ಚೀಟಿಯಲ್ಲಿ ಪದಗಳನ್ನು ಬರೆದುಕೊಳ್ಳುತ್ತಿದ್ದರು. ಹನ್ನೊಂದು ಪದ ಸಿಕ್ಕಿದವು. ಅದರಲ್ಲಿ ಏಳು ಸರಿ ಎಂದು ಪಕ್ಕದಲ್ಲಿದ್ದ ಕೊಡವ ಅಜ್ಜಿ ತಿದ್ದಿಕೊಟ್ಟರು.

ವಾಲಗ ಮುಗಿದ ಮೇಲೆ ನಾವು ನಾಲ್ವರೂ ವಾದ್ಯದವರ ಬಳಿ ಹೋದೆವು. ಅವರು ಗೋಡೆಯ ನೆರಳಿನಲ್ಲಿ ಕುಳಿತು ಡೋಲಿನ ಹಗ್ಗ ಸಡಿಲಿಸುತ್ತಿದ್ದರು. ಏನು ಕೇಳಬೇಕೆಂದು ನನಗೆ ಒಮ್ಮೆಗೇ ತೋಚಲಿಲ್ಲ. ಮೇಷ್ಟ್ರೇ ಮುಂದೆ ಹೋಗಿ, ಕೈ ಮುಗಿದು, ತಮ್ಮ ಹೆಸರು ಹೇಳಿ, ಅವರ ಹೆಸರು ಕೇಳಿದರು. ಐವರ ಹೆಸರನ್ನೂ ಕಾಫಿ ಹೂ ಅವರ ಚೀಟಿಯ ಹಿಂಬದಿಯಲ್ಲಿ ಬರೆದುಕೊಂಡೆವು. ಕೊಂಬಿನವರು ಜರುಗಿ ನಮಗೆ ಜಗುಲಿಯ ಮೇಲೆ ಜಾಗ ಮಾಡಿಕೊಟ್ಟರು. ಅವರಲ್ಲಿ ಎಲ್ಲರಿಗಿಂತ ಕಿರಿಯನಾದ ಡೋಲಿನ ಹುಡುಗ ಒಂದು ಗಳಿಗೆ ನಮ್ಮನ್ನೇ ನೋಡಿ, "ಆ ಪಿಟೀಲಿನ ಮಗು ಈಗ ಎಲ್ಲಿಗೆ ಬಂದಿದೆ ಸರ್?" ಎಂದು ಕೇಳಿದ.

ಅಲಂಕಾರದ ಪಾಠಕ್ಕೆ ಬಂದಿದೆ. ಮೊನ್ನೆ ಸಂಜೆಯೂ ಅಂಗಡಿಯ ಸೂರಿನ ಕೆಳಗೆ ನಿಂತು ಬಂದೆ.